ಕೆಲಸ ಕೊಟ್ಟವರೇ ಕೋಣೆಯನ್ನೂ ಕೊಟ್ಟರೆ

ಪ್ರಶ್ನೆ: ನನಗೆ 26 ವರ್ಷ, ಬಿ.ಕಾಂ. ಆಗಿದೆ. ಆಸ್ಟ್ರೇಲಿಯಾದ ವರ್ಕ್ ಅಂಡ್ ಹಾಲಿಡೇ ವೀಸಾ ಸಿಕ್ಕಿದೆ. ಮೆಲ್ಬರ್ನ್‌ನಲ್ಲಿ ಅಪ್ಪನ ಪರಿಚಯದವರ ಹೋಟೆಲಿದೆ. ವರ್ಷಪೂರ್ತಿ ಅಲ್ಲೇ ಕೆಲಸ, ಮಹಡಿಯಲ್ಲೇ ವಾಸ, ಬಾಡಿಗೆ ಸಂಬಳದಲ್ಲಿ ಮುರಿದುಕೊಳ್ಳುತ್ತೇವೆ, ಪಾಸ್‌ಪೋರ್ಟ್ ನಮ್ಮ ಹತ್ತಿರವೇ ಇರಲಿ ಎಂದಿದ್ದಾರೆ. ಹೆಣ್ಣುಮಗಳು ಒಬ್ಬಳೇ ಊರೂರು ಅಲೆಯುವುದಕ್ಕಿಂತ ಇದೇ ವಾಸಿ ಅನ್ನುತ್ತಾರೆ ಅಪ್ಪ. ನನಗೆ ಯಾಕೋ ಅಳುಕು. ಎರಡನೇ ವರ್ಷವೂ ಅಲ್ಲಿರುವ ಆಸೆಯಿದೆ.
- ಹೆಸರು ಬೇಡ, ಹಾಸನ

ಉತ್ತರ: ನಿಮ್ಮ ಅಳುಕು ಸರಿಯಾಗಿಯೇ ಇದೆ. ಭಾರತೀಯರಿಗೆ ವರ್ಷಕ್ಕೆ ಸಾವಿರವಷ್ಟೇ ಇರುವ ಈ ವೀಸಾವನ್ನು ಸರ್ಕಾರ ಕೊಟ್ಟಿರುವುದು ನಿಮಗೆ, ಆ ಹೋಟೆಲಿನವರಿಗಲ್ಲ. ಯಾವ ಮಾಲೀಕರೂ ನಿಮ್ಮನ್ನು ಪ್ರಾಯೋಜಿಸಿಲ್ಲ. ಸಿಡ್ನಿ, ಪರ್ತ್, ಡಾರ್ವಿನ್, ಎಲ್ಲಿ ಬೇಕಾದರೂ ಮನೆ ಮಾಡಬಹುದು. ಬೇಡವೆನಿಸಿದರೆ ಮರುದಿನವೇ ಕೆಲಸ ಬಿಡಬಹುದು.

ಆದರೆ ಒಂದು ಕಟ್ಟಳೆ ಇದೆ. ಸಾಮಾನ್ಯವಾಗಿ ಒಬ್ಬ ಮಾಲೀಕರಲ್ಲಿ ಆರು ತಿಂಗಳಿಗಿಂತ ಹೆಚ್ಚು ದುಡಿಯುವಂತಿಲ್ಲ. ತೋಟಗಾರಿಕೆಯಂಥ ಕೆಲವು ಕೆಲಸಗಳಿಗೆ ವಿನಾಯಿತಿ ಉಂಟು, ಮೆಲ್ಬರ್ನ್‌ನ ಹೋಟೆಲಿಗೆ ಇಲ್ಲ. ಹಾಗಾಗಿ 'ವರ್ಷಪೂರ್ತಿ' ಎಂಬ ಅವರ ಮಾತು ನಿಮ್ಮ ವೀಸಾಕ್ಕೇ ಕುತ್ತು ತರಬಹುದು. ಎರಡನೇ ವರ್ಷದ ವೀಸಾಕ್ಕೂ ಅಲ್ಲಿನ ದುಡಿಮೆ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಮೂರು ತಿಂಗಳು, ಅಂದರೆ 88 ದಿನ, ಗೊತ್ತುಪಡಿಸಿದ ಕೆಲಸ ಮಾಡಿರಬೇಕು. ಹೋಟೆಲ್ ಕೆಲಸವೇ ಇಷ್ಟವಿದ್ದರೆ ಉತ್ತರದ ಕೇರ್ನ್ಸ್ ಅಥವಾ ಡಾರ್ವಿನ್ ಕಡೆ ನೋಡಿ. ಅಲ್ಲಿ ಪ್ರವಾಸೋದ್ಯಮ, ಆತಿಥ್ಯದ ಕೆಲಸವೂ ಎಣಿಕೆಗೆ ಸೇರುತ್ತದೆ. ಪ್ರತಿ ಪೇ ಸ್ಲಿಪ್ ಜೋಪಾನವಾಗಿಡಿ, ಮುಂದೆ ಅದೇ ನಿಮ್ಮ ಸಾಕ್ಷಿ.

ಇನ್ನು ಪಾಸ್‌ಪೋರ್ಟ್. ಅದು ಭಾರತ ಸರ್ಕಾರದ ಸ್ವತ್ತು, ಇರಬೇಕಾದದ್ದು ನಿಮ್ಮ ಬಳಿ. ಎಷ್ಟೇ ಬೇಕಾದವರಾದರೂ ಕೊಡಬೇಡಿ. ಪರಿಶೀಲನೆಗೆ ಪ್ರತಿ ಸಾಕು. ಈ ಒಂದು ವಿಚಾರದಲ್ಲಿ ದಾಕ್ಷಿಣ್ಯಕ್ಕೆ ಬಸುರಾಗಬೇಡಿ ತಾಯಿ, ಕೈಮುಗಿದು ಹೇಳುತ್ತೇನೆ.

ಕೆಲಸವೂ ಸೂರೂ ಒಬ್ಬರದ್ದೇ ಆದಾಗ, ಜಗಳವಾದ ದಿನ ಎರಡೂ ಒಟ್ಟಿಗೆ ಹೋಗುತ್ತವೆ. ಆ ಹೆದರಿಕೆಗೇ ಎಷ್ಟೋ ಮಕ್ಕಳು ಕಡಿಮೆ ಕೂಲಿಯನ್ನು ನುಂಗಿಕೊಂಡು ದುಡಿಯುತ್ತಾರೆ. 2025ರ ಜುಲೈನಿಂದ ಅಲ್ಲಿನ ರಾಷ್ಟ್ರೀಯ ಕನಿಷ್ಠ ವೇತನ ಗಂಟೆಗೆ 24.95 ಡಾಲರ್, ಕ್ಯಾಶುಯಲ್ ಕೆಲಸಕ್ಕೆ ಅದರ ಮೇಲೆ ಶೇ. 25. ನಿಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಬಾಡಿಗೆಯನ್ನು ಸಂಬಳದಲ್ಲಿ ಮುರಿಯುವಂತಿಲ್ಲ. 'ದೂರು ಕೊಟ್ಟರೆ ವೀಸಾ ಹೋಗುತ್ತೆ' ಎಂದು ಬೆದರಿಸಿ ದುಡಿಸಿಕೊಳ್ಳುವುದು 2024ರ ಜುಲೈನಿಂದ ಅಪರಾಧ. ದೂರಿಗೆ ಫೇರ್ ವರ್ಕ್ ಓಂಬುಡ್ಸ್‌ಮನ್ ಕಚೇರಿ ಇದೆ.

ಅಪ್ಪನ ಆತಂಕವನ್ನು ತಳ್ಳಿಹಾಕಬೇಡಿ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ನಿಮಗೆ ಸಿಗದು, ಆದ್ದರಿಂದ ಒಳ್ಳೆಯ ವಿಮೆ ಮಾಡಿಸಿ ಅವರಿಗೆ ತೋರಿಸಿ. ಮೊದಲ ಎರಡು ವಾರಕ್ಕೆ ಮಹಿಳೆಯರ ಡಾರ್ಮಿಟರಿ ಇರುವ ಹಾಸ್ಟೆಲನ್ನು ಇಲ್ಲಿಂದಲೇ ಕಾದಿರಿಸಿ, ವಿಳಾಸ ಅವರ ಕೈಗೆ ಕೊಡಿ. ಕೋಣೆ ನೋಡದೆ ಮುಂಗಡ ಕಳಿಸಬೇಡಿ. ಪರಿಚಯದವರ ಹೋಟೆಲಿನಲ್ಲಿ ಕೆಲವು ತಿಂಗಳು ದುಡಿದರೆ ತಪ್ಪೇನಿಲ್ಲ. ಆದರೆ ವಾಸ ಬೇರೆ ಕಡೆ ಇರಲಿ, ಸಂಬಳ ನೇರ ನಿಮ್ಮ ಬ್ಯಾಂಕ್ ಖಾತೆಗೆ ಬರಲಿ. ಈ ಎರಡಕ್ಕೂ ಅವರು ಒಪ್ಪುತ್ತಾರೆಯೇ ಎಂದು ಅಪ್ಪನಿಂದಲೇ ಫೋನ್ ಮಾಡಿಸಿ ಕೇಳಿಸಿ. ಅವರ ಉತ್ತರವನ್ನು ಅಪ್ಪನೇ ಕೇಳಿಸಿಕೊಳ್ಳಲಿ.