ಹಳೆಯ ಜೀಪು: ಕೊಳ್ಳುವ ಮುನ್ನ, ಕೊಂಡ ಮೇಲೆ



ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥದ ಸುತ್ತಿನ ಎರೆ ಹೊಲಗಳ ದಾರಿ ನಿಮಗೆ ಗೊತ್ತೇ ಇದೆ. ಬೇಸಿಗೆಯಲ್ಲಿ ಮೊಣಕಾಲುದ್ದ ದೂಳು, ಮುಂಗಾರು ಹಿಡಿಯಿತೆಂದರೆ ಗಾಲಿ ಕಚ್ಚುವ ರಾಡಿ. ಇಂಥ ದಾರಿಯಲ್ಲಿ ಬೀಜ, ಗೊಬ್ಬರ ಸಾಗಿಸಲು, ಗೋವಿನಜೋಳದ ಹೊಲಕ್ಕೆ ಮನೆಯವರು ಹೋಗಿಬರಲು, ನಾಲ್ಕು ಚೀಲ ಮೆಣಸಿನಕಾಯಿಯನ್ನು ಬ್ಯಾಡಗಿ ಪೇಟೆಗೆ ಮುಟ್ಟಿಸಲು ನಾಲ್ಕೂ ಗಾಲಿ ಎಳೆಯುವ ಹಳೆಯ ಜೀಪೊಂದು ಇದ್ದರೆ ಅನುಕೂಲವೆಂದು ಅನೇಕರಿಗೆ ಅನಿಸುತ್ತದೆ. ಈ ಅನಿಸಿಕೆ ತಪ್ಪಲ್ಲ. ಆದರೆ ಹಳೆಯ ಜೀಪನ್ನು ಕೊಳ್ಳುವುದು ಸುಲಭ, ಇಟ್ಟುಕೊಳ್ಳುವುದು ಕಷ್ಟ. ಕೆಟ್ಟ ಮೇಲೆ ರಿಪೇರಿ ಮಾಡಿಸುವವನ ಕೈಯಲ್ಲಿ ಅದು ಹಣ ತಿನ್ನುತ್ತದೆ. ಕೆಡುವ ಮೊದಲೇ ನೋಡಿಕೊಳ್ಳುವವನ ಕೈಯಲ್ಲಿ ಅದು ವರ್ಷಗಟ್ಟಲೆ ದುಡಿಯುತ್ತದೆ. ಉಗುರಿನಿಂದ ಹೋಗುವ ಕೆಲಸಕ್ಕೆ ಕೊಡಲಿ ತರಬಾರದೆಂಬ ಮಾತು ಈ ವಾಹನಕ್ಕೆ ಚೆನ್ನಾಗಿ ಒಪ್ಪುತ್ತದೆ.

ಜೀಪು ಹೊಲಕ್ಕೆ ಬಂದ ಬಗೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೇರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಾರಖಾನೆಗಳು 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದ 1945ರಲ್ಲಿಯೇ ವಿಲ್ಲೀಸ್ ಕಂಪನಿಯು ಸಿಜೆ-2ಎ ಎಂಬ ಜೀಪನ್ನು ಮುಖ್ಯವಾಗಿ ರೈತರಿಗಾಗಿ ಮಾರಾಟಕ್ಕೆ ತಂದಿತು. ಮುಂಬಯಿಯ ಮಹೀಂದ್ರ ಸಂಸ್ಥೆಯು 1940ರ ದಶಕದ ಕೊನೆಗೆ ವಿಲ್ಲೀಸ್ ಜೀಪುಗಳನ್ನು ಇಲ್ಲಿ ಜೋಡಿಸತೊಡಗಿ, ಮುಂದೆ ತಾನೇ ತಯಾರಿಸಿತು. ಎತ್ತರದ ಬಾನೆಟ್ಟಿನ ಸಿಜೆ-3ಬಿ ನಮ್ಮ ಹಳ್ಳಿಗಳಲ್ಲಿ ಹೆಚ್ಚು ಪರಿಚಿತವಾದದ್ದು. ಇದರ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಸುಮಾರು 2200 ಸಿ.ಸಿ. ಇರುತ್ತದೆ. ಆಮೇಲೆ ಬಂದ ಮಾದರಿಗಳಲ್ಲಿ ಡೀಸೆಲ್ ಎಂಜಿನ್‌ಗಳು ಸೇರಿದವು.

ಕೊಳ್ಳುವ ಮುನ್ನ ಕಾಗದಪತ್ರ ನೋಡಿರಿ

ಬಣ್ಣ ನೋಡಿ ಮರುಳಾಗುವ ಮೊದಲು ಈ ಕೆಳಗಿನ ಸಂಗತಿಗಳನ್ನು ಖಚಿತಪಡಿಸಿಕೊಳ್ಳಿರಿ.

1. ನೋಂದಣಿ ಪುಸ್ತಕದಲ್ಲಿರುವ ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ವಾಹನದ ಮೇಲಿನ ಸಂಖ್ಯೆಗಳಿಗೆ ತಾಳೆ ನೋಡಿರಿ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಿದ ಜೀಪುಗಳು ಬಹಳ. ಆ ಬದಲಾವಣೆ ಪುಸ್ತಕದಲ್ಲಿ ದಾಖಲಾಗಿರದಿದ್ದರೆ ಅಂಥ ಜೀಪನ್ನು ಬಿಟ್ಟುಬಿಡುವುದೇ ಲೇಸು. ಪುಸ್ತಕದ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ಮೋಟಾರು ವಾಹನ ಕಾಯದೆಯ 52ನೆಯ ಕಲಮು ನಿಷೇಧಿಸುತ್ತದೆ.

2. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅವಧಿ ಮುಗಿಯುವ ಮುಂಚಿನ 60 ದಿನಗಳಲ್ಲಿ 25ನೆಯ ನಮೂನೆಯಲ್ಲಿ ಅರ್ಜಿ ಕೊಡಬಹುದು. ಈ ಶುಲ್ಕ 2022ರ ಏಪ್ರಿಲಿನಲ್ಲಿ ಬಹಳ ಏರಿತು. 20 ವರ್ಷ ಮೀರಿದ ವಾಹನಗಳಿಗೆ 2025ರಲ್ಲಿ ಮತ್ತೆ ಏರಿತು. ಆದ್ದರಿಂದ ವ್ಯಾಪಾರ ಕುದುರಿಸುವ ಮೊದಲೇ ಸಾರಿಗೆ ಕಚೇರಿಯಲ್ಲಿ ಶುಲ್ಕ, ಹಸಿರು ತೆರಿಗೆ ಎರಡನ್ನೂ ವಿಚಾರಿಸಿ, ಆ ಮೊತ್ತವನ್ನು ಬೆಲೆಯೊಳಗೆ ಲೆಕ್ಕ ಹಿಡಿಯಿರಿ.

3. "ಇಲಾಖೆಯ ಹರಾಜಿನ ಜೀಪು" ಎಂದು ಯಾರಾದರೂ ತೋರಿಸಿದರೆ ಎಚ್ಚರವಿರಲಿ. 15 ವರ್ಷ ಮೀರಿದ ಸರಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸುವುದಿಲ್ಲ. ಅವು ನೋಂದಾಯಿತ ಗುಜರಿ ಘಟಕಗಳಿಗೆ ಹೋಗಬೇಕು. ಅದಕ್ಕೂ ಹಿಂದೆಯೇ ಹರಾಜಾಗಿ ಖಾಸಗಿಯವರ ಹೆಸರಿಗೆ ವರ್ಗವಾದ ದಾಖಲೆ ಇದ್ದರೆ ಮಾತ್ರ ಮುಂದಿನ ಮಾತು.

4. 50 ವರ್ಷ ಮೀರಿದ ವಾಹನಗಳಿಗೆ ಪಾರಂಪರಿಕ ವಾಹನವೆಂಬ ಪ್ರತ್ಯೇಕ ನೋಂದಣಿಯನ್ನು 2021ರಲ್ಲಿ ಜಾರಿಗೆ ತಂದರು. ಹೆಸರು ಆಕರ್ಷಕ. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ್‍ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಮುಂತಾದ ಕೆಲವೇ ಕಾರಣಕ್ಕೆ ರಸ್ತೆಗೆ ತರಬಹುದು. ದಿನಬಳಕೆಗೆ ಅನುಮತಿ ಇಲ್ಲ. ಹೊಲದ ಕೆಲಸಕ್ಕೆ ಜೀಪು ಬೇಕೆನ್ನುವವರು ಈ ದಾರಿ ಹಿಡಿಯಬಾರದು.

5. ವಿಮೆ ಇಲ್ಲದೆ ರಸ್ತೆಗೆ ಇಳಿಸಬೇಡಿರಿ. ಬಿಳಿ ಫಲಕದ ಜೀಪಿನಲ್ಲಿ ಬಾಡಿಗೆಗೆ ಜನರನ್ನು ಕೂರಿಸಿ ಅಪಘಾತವಾದರೆ ವಿಮೆಯ ಹಣಕ್ಕೆ ತೊಡಕಾಗುತ್ತದೆ.

ವಾಹನದ ಪರೀಕ್ಷೆ

ಚಾಸಿಯ ಕೆಳಗೆ ತೂರಿ, ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿರಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಬೊದ್ದು ದನಿ ಕೊಡುತ್ತದೆ. ಕಮಾನು ಪಟ್ಟಿ ಕೂಡುವ ಜಾಗದಲ್ಲಿ ಬಿರುಕು ಇದೆಯೇ ನೋಡಿರಿ. ಮುಂದಿನ ಗಾಲಿಯನ್ನು ಜಾಕಿನಿಂದ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿರಿ. ಸಡಿಲವಿದ್ದರೆ ಬೇರಿಂಗ್ ಅಥವಾ ಕಿಂಗ್ ಪಿನ್ ಸವೆದಿದೆ. ಬೆಳಿಗ್ಗೆ ತಣ್ಣಗಿರುವಾಗಲೇ ಎಂಜಿನ್ ಚಾಲೂ ಮಾಡಿಸಿರಿ. ನೀಲಿ ಹೊಗೆ ನಿಲ್ಲದಿದ್ದರೆ ಎಂಜಿನ್ ಎಣ್ಣೆ ಉರಿಯುತ್ತಿದೆಯೆಂದು ತಿಳಿಯಿರಿ. ಮುಂದಿನ ಗಾಲಿಗಳನ್ನು ಜೋಡಿಸುವ ಲಿವರು ಕೂರುತ್ತದೆಯೇ ಎಂಬುದನ್ನು ಮಣ್ಣಿನ ನೆಲದ ಮೇಲೆ ಓಡಿಸಿಯೇ ನೋಡಬೇಕು. ಎಷ್ಟೋ ಜೀಪುಗಳಲ್ಲಿ ಆ ಭಾಗವನ್ನು ಬಿಚ್ಚಿ ಮಾರಿರುತ್ತಾರೆ.

ಮೊದಲ ಹಣ ಬ್ರೇಕಿಗೆ

ಜೀಪು ಕೊಂಡ ಮೇಲೆ ಕೈಯಲ್ಲಿ ಉಳಿದ ಹಣವನ್ನು ಬ್ರೇಕು, ಸ್ಟೇರಿಂಗು, ಟೈರು, ಎಂಜಿನ್, ಕೊನೆಗೆ ಬಣ್ಣ, ಈ ಕ್ರಮದಲ್ಲಿ ಖರ್ಚು ಮಾಡಿರಿ. ಬಹುಮಂದಿ ಇದನ್ನು ತಲೆಕೆಳಗು ಮಾಡುತ್ತಾರೆ.

ಹಳೆಯ ಜೀಪುಗಳಲ್ಲಿ ಬಹುಪಾಲು ನಾಲ್ಕೂ ಗಾಲಿಯ ಬ್ರೇಕಿಗೆ ಒಂದೇ ಎಣ್ಣೆಯ ಸಾಲು ಇರುತ್ತದೆ. ಪೆಡಲು ತುಳಿದಾಗ ಮಾಸ್ಟರ್ ಸಿಲಿಂಡರಿನಲ್ಲಿ ಹುಟ್ಟಿದ ಒತ್ತಡವು ಕೊಳವೆಗಳ ಮೂಲಕ ಪ್ರತಿ ಗಾಲಿಗೂ ಮುಟ್ಟುತ್ತದೆ. ಪಂಪಿನ ಪೈಪು ನಡುವೆ ಒಡೆದರೆ ಹೊಲದ ಯಾವ ಮೂಲೆಗೂ ನೀರು ಹೋಗದಂತೆ, ಒಂದು ರಬ್ಬರ್ ಕೊಳವೆ ಸೀಳಿದರೂ ನಾಲ್ಕೂ ಗಾಲಿಯ ಬ್ರೇಕು ಒಮ್ಮೆಲೇ ಹೋಗುತ್ತದೆ. ಆದ್ದರಿಂದ ಕೊಂಡ ಕೂಡಲೇ ಎಲ್ಲ ರಬ್ಬರ್ ಕೊಳವೆ ಮತ್ತು ವಾಷರುಗಳನ್ನು ಹೊಸದಾಗಿ ಹಾಕಿಸಿರಿ. ಪ್ರತಿ ವಾರ ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿಯಿರಿ. ಅದು ನಿಧಾನವಾಗಿ ಕೆಳಗಿಳಿದರೆ ಎಲ್ಲಿಯೋ ಸೋರುತ್ತಿದೆ. ಮೆತ್ತಗೆನಿಸಿದರೆ ಗಾಳಿ ಸೇರಿದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ಕಡಿಮೆಯಾಯಿತೆಂದು ಎಂಜಿನ್ ಎಣ್ಣೆಯನ್ನೋ ಸೀಮೆಎಣ್ಣೆಯನ್ನೋ ಸುರಿಯಲೇಬಾರದು. ಅವು ರಬ್ಬರನ್ನು ಉಬ್ಬಿಸಿ ಕೆಡಿಸುತ್ತವೆ.

ಸಿಜೆ-3ಬಿಯಂಥ ಜೀಪಿನ ಕೈಬ್ರೇಕು ಗಾಲಿಯನ್ನು ಹಿಡಿಯುವುದಿಲ್ಲ, ಹಿಂದಿನ ಜಾಯಿಂಟ್ ಶಾಫ್ಟನ್ನು ಹಿಡಿಯುತ್ತದೆ. ಅದು ನಿಂತ ವಾಹನಕ್ಕೆ ಮಾತ್ರ. ಇಳಿಜಾರಿನಲ್ಲಿ ನಿಲ್ಲಿಸಿದರೆ ಗಾಲಿಗೆ ಕಲ್ಲು ಕೊಡುವುದನ್ನು ಮರೆಯದಿರಿ.

ನಾಲ್ಕು ಗಾಲಿಯ ಎಳೆತ: ಎಲ್ಲಿ, ಯಾವಾಗ?

ಚಕ್ಕಡಿ ತಿರುಗುವಾಗ ಹೊರಗಾಲಿ ಹೆಚ್ಚು ದೂರ, ಒಳಗಾಲಿ ಕಡಿಮೆ ದೂರ ಉರುಳುವುದನ್ನು ನೀವು ನೋಡಿದ್ದೀರಿ. ಜೀಪು ತಿರುಗುವಾಗ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳುತ್ತವೆ. ಮುಂದಿನ ಹೌಸಿಂಗನ್ನು ಜೋಡಿಸಿದಾಗ ಎರಡೂ ಒಂದೇ ವೇಗಕ್ಕೆ ಕಟ್ಟಿಬೀಳುತ್ತವೆ. ರಾಡಿಯಲ್ಲಿ ಗಾಲಿ ಸ್ವಲ್ಪ ಜಾರಿ ಈ ವ್ಯತ್ಯಾಸ ತೀರಿಹೋಗುತ್ತದೆ. ಡಾಂಬರು ರಸ್ತೆಯಲ್ಲಿ ಜಾರಲು ಅವಕಾಶವಿಲ್ಲದೆ ಆ ತಿರುಚುವ ಬಲವೆಲ್ಲ ಶಾಫ್ಟಿನ ಕ್ರಾಸುಗಳ ಮೇಲೆ, ಗೇರುಗಳ ಮೇಲೆ ಬೀಳುತ್ತದೆ. ಆದ್ದರಿಂದ:

ಅ) ಗಟ್ಟಿ ರಸ್ತೆಯಲ್ಲಿ ನಾಲ್ಕು ಗಾಲಿಯ ಎಳೆತವನ್ನು ಬಳಸಬೇಡಿರಿ.
ಆ) ರಾಡಿಗೆ ಇಳಿಯುವ ಮುನ್ನವೇ ಜೋಡಿಸಿರಿ. ಹುಗಿದ ಮೇಲೆ ಗಾಲಿ ತಿರುಗಿಸಿದಷ್ಟೂ ಜೀಪು ಆಳಕ್ಕೆ ಇಳಿಯುತ್ತದೆ.
ಇ) ಲೋ ಗೇರನ್ನು ವಾಹನ ನಿಲ್ಲಿಸಿಯೇ ಹಾಕಿರಿ. ಸಿಜೆ-3ಬಿಯಲ್ಲಿ ಅದರಿಂದ ಎಳೆಯುವ ಬಲ ಸುಮಾರು ಎರಡೂವರೆ ಪಟ್ಟಾಗುತ್ತದೆ, ವೇಗ ಅಷ್ಟೇ ಇಳಿಯುತ್ತದೆ.

ಇನ್ನೊಂದು ಮಾತು. ಎಳೆಯುವ ಶಕ್ತಿ ಇದೆಯೆಂದು ಹಸಿ ಎರೆ ಹೊಲದೊಳಗೆ ಜೀಪು ಹೊಡೆಯಬಾರದು. ಮಣ್ಣು ಒತ್ತಿಹೋಗಿ ಮುಂದಿನ ಬೆಳೆಯ ಬೇರಿಗೆ ಅಡ್ಡಿಯಾಗುತ್ತದೆ. ಒಂದು ಹಿಡಿ ಮಣ್ಣನ್ನು ಉಂಡೆ ಕಟ್ಟಿ ಬೆರಳಿನಿಂದ ಒತ್ತಿರಿ. ಉದುರಿದರೆ ಹೋಗಬಹುದು, ಮೆತ್ತಿಕೊಂಡರೆ ಬದುವಿನ ಆಚೆಯೇ ನಿಲ್ಲಿಸಿರಿ.

ಎರೆ ರಾಡಿ, ದೂಳು, ಗೊಬ್ಬರ

ಎರೆ ಮಣ್ಣು ತೇವವನ್ನು ಬಹುಕಾಲ ಹಿಡಿದಿಡುತ್ತದೆ. ಮಡ್‌ಗಾರ್ಡಿನ ಒಳಗೆ, ಚಾಸಿಯ ಮೇಲೆ ಮೆತ್ತಿದ ರಾಡಿಯನ್ನು ಅಂದೇ ತೊಳೆಯಿರಿ. ರೇಡಿಯೇಟರಿನ ಸಂದುಗಳಲ್ಲಿ ಸೇರಿದ್ದನ್ನು ಎಂಜಿನ್ ಕಡೆಯಿಂದ ಮುಂದಕ್ಕೆ ನೀರು ಬಿಟ್ಟು ತೆಗೆಯಬೇಕು. ಎಂಜಿನ್ ಕುದಿಯುತ್ತಿದ್ದರೆ ರೇಡಿಯೇಟರಿನ ಮುಚ್ಚಳವನ್ನು ತೆರೆಯಬೇಡಿರಿ, ಆರಲು ಬಿಡಿರಿ.

ಯೂರಿಯಾ, ಡಿ.ಎ.ಪಿ. ಚೀಲಗಳಿಂದ ಉದುರಿದ ಕಾಳು ತೇವ ಕುಡಿದು ತಗಡನ್ನು ತಿನ್ನುತ್ತದೆ. ಗೊಬ್ಬರ ಇಳಿಸಿದ ದಿನವೇ ಒಳಭಾಗವನ್ನು ಗುಡಿಸಿ, ತೊಳೆದು, ಒಣಗಿಸಿರಿ. ಕಾಳಿನ ಚೀಲಗಳ ಪಕ್ಕದಲ್ಲಿ ಜೀಪು ನಿಲ್ಲಿಸಿದರೆ ಇಲಿಗಳು ವೈರು ಕಡಿಯುವುದು ನಿಶ್ಚಿತ.

ಹಳ್ಳ ದಾಟುವಾಗ ಗಾಲಿಯ ನಡುಮಟ್ಟಕ್ಕಿಂತ ಹೆಚ್ಚು ನೀರಿದ್ದರೆ ಇಳಿಯಬೇಡಿರಿ. ನೆರೆ ಬಂದಾಗ ಎಷ್ಟು ಆಳವೆಂದು ನೋಡಲೂ ಇಳಿಯಬಾರದು. ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕನ್ನು ಹಗುರವಾಗಿ ಒತ್ತುತ್ತ ಹೋದರೆ ಲೈನರು ಒಣಗುತ್ತದೆ. ಮರುದಿನ ಹೌಸಿಂಗಿನ ತಳದ ಬಿರಡೆ ಸಡಿಲಿಸಿ ನೋಡಿರಿ. ನೀರು ಬಂದರೆ, ಇಲ್ಲವೆ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ, ಪೂರ್ತಿ ಎಣ್ಣೆ ಬದಲಿಸಬೇಕು. ಇದನ್ನು ಅಲಕ್ಷಿಸಿದರೆ ಗೇರು, ಬೇರಿಂಗುಗಳಿಗೆ ತುಕ್ಕು ಹಿಡಿಯುತ್ತದೆ.

ಆರೈಕೆಯ ವೇಳಾಪಟ್ಟಿ

ದಿನವೂ: ಎಂಜಿನ್ ಎಣ್ಣೆ, ರೇಡಿಯೇಟರ್ ನೀರು, ಬ್ರೇಕ್ ಪೆಡಲು, ನೆಲದ ಮೇಲೆ ಬಿದ್ದ ಎಣ್ಣೆಯ ಕಲೆ ನೋಡುವುದು.

ವಾರಕ್ಕೊಮ್ಮೆ: 6.00-16 ಟೈರಿನ ಗಾಳಿ 26ರಿಂದ 28 ಪೌಂಡ್ ಇರಲಿ. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಅರ್ಧದಿಂದ ಒಂದು ಅಂಗುಲ ಬಾಗಬೇಕು. ಗಾಲಿಯ ನಟ್ಟು ಬಿಗಿ ಮಾಡಿರಿ. ಎಣ್ಣೆ ತುಂಬಿದ ಏರ್ ಕ್ಲೀನರನ್ನು ಬೇಸಿಗೆಯ ದೂಳಿನಲ್ಲಿ ವಾರಕ್ಕೊಮ್ಮೆ ಬಿಚ್ಚಿ, ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ತೊಳೆದು, ಗೆರೆಯವರೆಗೆ ಹೊಸ ಎಣ್ಣೆ ಹಾಕಿರಿ. ಒಳಗೆ ಹೋದ ದೂಳು ಸಿಲಿಂಡರನ್ನು ಉಜ್ಜಿ ಸವೆಸುತ್ತದೆ.

1500 ಕಿ.ಮೀ.ಗೆ ಒಮ್ಮೆ: ಕಮಾನಿನ ಶಾಕಲ್, ಶಾಫ್ಟಿನ ಕ್ರಾಸು, ಟೈ ರಾಡ್, ಕಿಂಗ್ ಪಿನ್‌ಗಳಿಗೆ ಹಳೆಯ ಗ್ರೀಸು ಹೊರಬರುವವರೆಗೆ ಹೊಸ ಗ್ರೀಸು ಹೊಡೆಯಿರಿ. ಮಳೆಗಾಲದಲ್ಲಿ ರಾಡಿ ತುಳಿದ ವಾರವೇ ಹೊಡೆಯುವುದು ಲೇಸು.

3000 ಕಿ.ಮೀ.ಗೆ ಒಮ್ಮೆ: ಎಂಜಿನ್ ಎಣ್ಣೆ, ಫಿಲ್ಟರು ಬದಲಿಸಿರಿ. ಗೇರ್ ಪೆಟ್ಟಿಗೆ ಮತ್ತು ಎರಡೂ ಹೌಸಿಂಗಿನ ಎಣ್ಣೆಯ ಮಟ್ಟ ನೋಡಿರಿ. ಸಿಜೆ-3ಬಿ ಪೆಟ್ರೋಲ್ ಎಂಜಿನ್ನಿಗೆ ಪ್ಲಗ್ಗಿನ ಸಂದು 0.030 ಅಂಗುಲ, ಪಾಯಿಂಟಿನ ಸಂದು 0.020 ಅಂಗುಲ ಇರಬೇಕು. ಟ್ಯಾಪೆಟ್ ಸಂದು ತಣ್ಣಗಿರುವಾಗ ಒಳಬರುವ ವಾಲ್ವಿಗೆ 0.018, ಹೊರಹೋಗುವ ವಾಲ್ವಿಗೆ 0.016 ಅಂಗುಲ. ಕಿಡಿಯ ಸರದಿ 1-3-4-2. ಈ ಅಂಕಿಗಳನ್ನು ಬಾನೆಟ್ಟಿನ ಒಳಮೈ ಮೇಲೆ ಬರೆದಿಟ್ಟರೆ ಯಾವ ಮಿಸ್ತ್ರಿ ಬಂದರೂ ಗೊಂದಲವಾಗದು.

ಪೆಟ್ರೋಲಿನ ಹೊಸ ತೊಡಕು

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಕಬ್ಬಿನಿಂದ ಮಾತ್ರವಲ್ಲ, ನಾವು ಬೆಳೆಯುವ ಗೋವಿನಜೋಳದಿಂದಲೂ ಇದು ತಯಾರಾಗುತ್ತದೆ. ಬೆಳೆಗಾರನಿಗೆ ಒಳ್ಳೆಯದೇ. ಆದರೆ ಹಳೆಯ ಜೀಪಿನ ರಬ್ಬರ್ ಕೊಳವೆ, ಪೆಟ್ರೋಲ್ ಪಂಪಿನ ಪೊರೆ, ಬೆಂಡಿನ ಪ್ಯಾಕಿಂಗುಗಳು ಇದಕ್ಕೆ ತಯಾರಾದವಲ್ಲ. ಅವು ಮೆತ್ತಗಾಗಿ ಸೋರಬಹುದು, ಬಿಸಿ ಎಂಜಿನ್ ಮೇಲೆ ಸೋರಿದರೆ ಬೆಂಕಿಯ ಭಯವಿದೆ. ಎಥೆನಾಲ್ ತಾಳುವ ಕೊಳವೆ, ಪೊರೆಗಳನ್ನು ಹಾಕಿಸಿರಿ. ಎಥೆನಾಲ್ ನೀರನ್ನು ಎಳೆದುಕೊಳ್ಳುವುದರಿಂದ ಪೆಟ್ರೋಲನ್ನು ತಿಂಗಳುಗಟ್ಟಲೆ ಟಾಕಿಯಲ್ಲಿ ಬಿಡಬೇಡಿರಿ.

ಹೊರೆ ಮತ್ತು ಲೆಕ್ಕ

ಸಿಜೆ-3ಬಿಯ ಮುಂದಿನ ಹಿಂದಿನ ಗಾಲಿಗಳ ನಡುವಿನ ಅಂತರ ಕೇವಲ 80 ಅಂಗುಲ. ಇದು ಕಾಲು ಟನ್ ವರ್ಗದ ವಾಹನ, ಲಾರಿಯಲ್ಲ. ಮೆಣಸಿನಕಾಯಿ ಚೀಲ ಹಗುರವೆಂದು ಎತ್ತರಕ್ಕೆ ಒಟ್ಟಿ, ಅದರ ಮೇಲೆ ಜನರನ್ನು ಕೂರಿಸಿ ತಿರುವಿನಲ್ಲಿ ವೇಗವಾಗಿ ಹೊಡೆದರೆ ಜೀಪು ಮಗುಚುತ್ತದೆ. ಚೀಲದ ಎತ್ತರ ಚಾಲಕನ ಹೆಗಲು ಮೀರದಿರಲಿ.

ಒಂದು ನೋಟ್ ಪುಸ್ತಕವಿಡಿರಿ. ಟಾಕಿ ತುಂಬಿಸಿದ ದಿನ ಕಿ.ಮೀ. ಬರೆದು, ಮತ್ತೆ ತುಂಬಿಸಿದಾಗ ಓಡಿದ ದೂರವನ್ನು ಹಾಕಿದ ಲೀಟರಿನಿಂದ ಭಾಗಿಸಿರಿ. ಈ ಅಂಕಿ ಇಳಿಯತೊಡಗಿದರೆ ಎಂಜಿನ್ ಏನೋ ಹೇಳುತ್ತಿದೆ. ವರ್ಷದ ಕೊನೆಗೆ ಇಂಧನ, ರಿಪೇರಿ, ವಿಮೆ, ಶುಲ್ಕ ಕೂಡಿಸಿ, ಜೀಪು ಕೆಲಸಕ್ಕೆ ಬಂದ ದಿನಗಳಿಂದ ಭಾಗಿಸಿರಿ. ಅದು ಬಾಡಿಗೆ ವಾಹನದ ದಿನದ ದರಕ್ಕಿಂತ ಬಹಳ ಮೇಲಿದ್ದರೆ ಆ ಜೀಪನ್ನು ಮಾರುವುದೇ ಜಾಣತನ. ಹೊಲವನ್ನು ಒತ್ತೆಯಿಟ್ಟು ಸಾಕಬೇಕಾದ ವಾಹನ ಯಾವುದೂ ಇಲ್ಲ.

ನೆನಪಿಡಿರಿ

ಕಾಗದ ಸರಿಯಿಲ್ಲದ ಜೀಪು ಎಷ್ಟು ಅಗ್ಗವಾದರೂ ದುಬಾರಿ. ಬ್ರೇಕಿಗೆ ಮೊದಲ ಹಣ, ಬಣ್ಣಕ್ಕೆ ಕೊನೆಯ ಹಣ. ಡಾಂಬರಿನ ಮೇಲೆ ಎರಡು ಗಾಲಿ, ರಾಡಿಯಲ್ಲಿ ನಾಲ್ಕು. ವಾರಕ್ಕೆ ಅರ್ಧ ತಾಸು ಜೀಪಿನ ಕೆಳಗೆ ತೂರಿ ನೋಡುವವನು ಸುಗ್ಗಿಯ ಹೊತ್ತಿನಲ್ಲಿ ದಾರಿಯ ಮಧ್ಯೆ ಕೈಚೆಲ್ಲಿ ಕೂರಬೇಕಾಗಿಲ್ಲ.