ಟೆನ್ಷನ್ ಬಂದಾಗ ಊಟ ಯಾಕೆ ಕೆಡುತ್ತೆ? ಬೆಳೆಗಾರರಿಗೆ ಊಟದ ಹೊತ್ತಿನ ಒಂದು ಪಾಠ



ಪ್ರತಿವಾರ ಇಲ್ಲಿ ಹುಳ, ರೋಗ, ಗೊಬ್ಬರ, ಡ್ರಿಪ್ ಅಂತ ಮಾತಾಡ್ತೀವಿ. ಈ ವಾರ ಬೆಳೆಯನ್ನ ಸ್ವಲ್ಪ ಪಕ್ಕಕ್ಕಿಟ್ಟು ಬೆಳೆಗಾರನ ಬಗ್ಗೆ ಮಾತಾಡೋಣ. ಟೆನ್ಷನ್ ಆದಾಗ ನಮ್ಮ ಊಟ ಯಾಕೆ ಕೆಡುತ್ತೆ, ಊಟ ಕೆಟ್ಟರೆ ಟೆನ್ಷನ್ ಯಾಕೆ ಇನ್ನೂ ಜಾಸ್ತಿ ಆಗುತ್ತೆ, ಈ ಸುತ್ತನ್ನ ಎಲ್ಲಿ ಕತ್ತರಿಸಬಹುದು ಅನ್ನೋದೇ ಇವತ್ತಿನ ಪಾಠ. ಮೊದಲು ನನ್ನದೇ ಕಥೆ ಹೇಳ್ತೀನಿ, ಆಮೇಲೆ ವಿಜ್ಞಾನಕ್ಕೆ ಬರೋಣ.

ನನಗೆ ಆಗಿದ್ದು

2023ರ ಜುಲೈ ಟೊಮೆಟೊ ಬೆಳೆಯುವವರು ಯಾರೂ ಮರೆತಿರಲ್ಲ. ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸ್ 2000 ರೂಪಾಯಿ ದಾಟಿತ್ತು. ಆ ರೇಟು ನೋಡಿ ಎಲ್ಲರಂತೆ ನಾನೂ ಸಾಲ ಮಾಡಿ ಎರಡು ಎಕರೆ ನಾಟಿ ಮಾಡಿದೆ. ಕಡ್ಡಿ, ದಾರ, ಮಲ್ಚಿಂಗ್ ಶೀಟು, ಕೂಲಿ ಎಲ್ಲಕ್ಕೂ ಕೈಬಿಚ್ಚಿ ಸುರಿದೆ. ನನ್ನ ಕಾಯಿ ಬರೋ ಹೊತ್ತಿಗೆ ರೇಟು ನೆಲ ಕಚ್ಚಿತ್ತು.

ಆಗ ನನ್ನ ದಿನ ಹೀಗಿತ್ತು. ಬೆಳಗ್ಗೆ ನಾಲ್ಕಕ್ಕೆ ಎದ್ದು ಒಂದು ಟೀ. ಮಂಡಿಯಲ್ಲಿ ಹರಾಜು ಮುಗಿಯೋವರೆಗೆ ಇನ್ನೆರಡು ಟೀ, ಒಂದು ಬನ್ನು. ಅಮ್ಮ "ಎರಡು ತುತ್ತು ಮುದ್ದೆ ತಿಂದು ಹೋಗಪ್ಪ, ಮಂಡಿ ಎಲ್ಲೂ ಓಡಿ ಹೋಗಲ್ಲ" ಅಂತ ಕರೀತಾ ಇದ್ರೆ, "ಹಸಿವಿಲ್ಲಮ್ಮ" ಅಂತ ಬೈಕ್ ಸ್ಟಾರ್ಟ್ ಮಾಡ್ತಿದ್ದೆ. ಅದು ಸುಳ್ಳಲ್ಲ, ನಿಜವಾಗ್ಲೂ ಹಸಿವು ಆಗ್ತಿರಲಿಲ್ಲ. ಸಂಜೆ ನಾಲ್ಕಕ್ಕೆ ಬೇಕರಿಯಲ್ಲಿ ಪಫ್ಸು, ಇನ್ನೊಂದು ಟೀ. ರಾತ್ರಿ ಹತ್ತಕ್ಕೆ ಹೊಟ್ಟೆ ಬಿರಿಯೋ ಹಾಗೆ ಅನ್ನ. ಹನ್ನೆರಡಕ್ಕೆ ತ್ರೀ ಫೇಸ್ ಕರೆಂಟ್ ಬಂತು ಅಂತ ಎದ್ದು ಮೋಟಾರ್ ಹಾಕೋದು, ಹಾಗೇ ಮೊಬೈಲಲ್ಲಿ ನಾಳೆ ರೇಟು ಏನಾಗಬಹುದು ಅಂತ ನೋಡ್ತಾ ಕೂರೋದು.

ಒಂದು ದಿನ ಮಧ್ಯಾಹ್ನ ಮಂಡಿಯಿಂದ ವಾಪಸ್ ಬರುವಾಗ ಕೈ ನಡುಗಿತು, ಕಣ್ಣಿಗೆ ಕತ್ತಲೆ ಬಂತು. ಹೇಗೋ ಬೈಕನ್ನ ಪಕ್ಕಕ್ಕೆ ತಂದು ನಿಲ್ಲಿಸಿದೆ. ಹಿಂದೆಯೇ ಬರ್ತಿದ್ದ ಲಾರಿ ಹಾರನ್ ಹೊಡ್ಕೊಂಡು ಮುಂದೆ ಹೋಯ್ತು. ಆವತ್ತೇ ಡಾಕ್ಟರ ಹತ್ರ ಹೋದೆ. ಬಿ.ಪಿ. 150/96 ಇತ್ತು. ಅವರು ಕೇಳಿದ ಮೊದಲ ಪ್ರಶ್ನೆ: "ಬೆಳಗ್ಗೆಯಿಂದ ಏನು ತಿಂದಿದ್ದೀರ?"

ಗಿಡಕ್ಕೆ ಯಾವ ದಿನ ಎಷ್ಟು ಲೀಟರ್ ಜೀವಾಮೃತ ಕೊಟ್ಟೆ ಅಂತ ಕೇಳಿದ್ರೆ ಪುಸ್ತಕ ತೆಗೆದು ತೋರಿಸ್ತಿದ್ದೆ. ನಾನು ಏನು ತಿಂದೆ ಅನ್ನೋದಕ್ಕೆ ಯೋಚನೆ ಮಾಡಬೇಕಾಯ್ತು.

ಟೊಮೆಟೊ ಗಿಡ ಕಲಿಸೋದು

ಇದನ್ನ ಅರ್ಥ ಮಾಡ್ಕೊಳ್ಳೋಕೆ ನಮಗೆ ಗೊತ್ತಿರೋ ಗಿಡವನ್ನೇ ತಗೊಳ್ಳೋಣ. ಟೊಮೆಟೊಗೆ ನಾಲ್ಕು ದಿನ ನೀರು ನಿಲ್ಲಿಸಿ, ಐದನೇ ದಿನ ಒಟ್ಟಿಗೆ ಹಾಯಿಸಿದ್ರೆ ಏನಾಗುತ್ತೆ? ಕಾಯಿ ಬಿರಿಯುತ್ತೆ. ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತೆ. ಮಣ್ಣು ಪರೀಕ್ಷೆ ಮಾಡಿಸಿದ್ರೆ ಕ್ಯಾಲ್ಸಿಯಂ ಸಾಕಷ್ಟಿರುತ್ತೆ. ಆದರೆ ನೀರು ಒಂದೇ ಸಮ ಬರದೆ ಇದ್ದಿದ್ರಿಂದ ಅದು ಕಾಯಿಯ ತುದಿಗೆ ತಲುಪಿರಲ್ಲ.

ನಮ್ಮ ಮೈ ಕಥೆಯೂ ಹೆಚ್ಚು ಕಡಿಮೆ ಹೀಗೇ. ಹಗಲೆಲ್ಲ ಖಾಲಿ, ರಾತ್ರಿ ಒಟ್ಟಿಗೆ. ದಿನದ ಲೆಕ್ಕ ಹಾಕಿದ್ರೆ ನಾನು ಕಡಿಮೆ ಏನೂ ತಿಂತಿರಲಿಲ್ಲ. ಬೇಕಾದ ಹೊತ್ತಿಗೆ ತಿಂತಿರಲಿಲ್ಲ, ಅಷ್ಟೆ.

ಮೈಯೊಳಗೆ ಏನಾಗುತ್ತೆ?

ಮೂತ್ರಪಿಂಡಗಳ ಮೇಲೆ ಅಡ್ರಿನಲ್ ಅನ್ನೋ ಎರಡು ಚಿಕ್ಕ ಗ್ರಂಥಿಗಳಿವೆ. ಹಾವು ಕಂಡಾಗ ಹೇಗೋ, "ಇವತ್ತು ಬಾಕ್ಸಿಗೆ ಎಪ್ಪತ್ತು" ಅಂತ ಮಂಡಿಯವರು ಫೋನ್ ಮಾಡಿದಾಗಲೂ ಹಾಗೇ, ಮೊದಲು ಅಡ್ರಿನಲಿನ್ ರಕ್ತಕ್ಕೆ ಬರುತ್ತೆ. ಎದೆ ಜೋರಾಗಿ ಹೊಡ್ಕೊಳ್ಳುತ್ತೆ, ಲಿವರ್ ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನ ರಕ್ತಕ್ಕೆ ಬಿಡುತ್ತೆ, ಜೀರ್ಣಕ್ರಿಯೆ ನಿಧಾನ ಆಗುತ್ತೆ. ಓಡೋಕೋ ಹೊಡೆದಾಡೋಕೋ ಮೈ ರೆಡಿ ಆಗೋ ರೀತಿ ಇದು. ಅಂಥ ಹೊತ್ತಲ್ಲಿ ಹಸಿವು ಸತ್ತು ಹೋಗುತ್ತೆ. ಬೆಳಗ್ಗೆ ನನಗೆ ಮುದ್ದೆ ಬೇಡ ಅನ್ನಿಸ್ತಿದ್ದಿದ್ದು ಇದಕ್ಕೇ.

ಟೆನ್ಷನ್ ದಿನಗಟ್ಟಲೆ ಮುಂದುವರಿದರೆ ಅದೇ ಗ್ರಂಥಿಯಿಂದ ಬರೋ ಕಾರ್ಟಿಸಾಲ್ ಅನ್ನೋ ಹಾರ್ಮೋನಿನ ಕೆಲಸ ಜೋರಾಗುತ್ತೆ. ಇದು ಉಲ್ಟಾ. ಹಸಿವನ್ನ ಹೆಚ್ಚಿಸುತ್ತೆ, ಅದರಲ್ಲೂ ಸಿಹಿ, ಕರಿದ ತಿಂಡಿ ಕಡೆಗೆ ಮನಸ್ಸು ಎಳೆಯುತ್ತೆ. ಅದಕ್ಕೇ ಬೇಕರಿ ಮುಂದೆ ಬೈಕು ತಾನಾಗಿ ನಿಲ್ಲೋದು. ಸಂಜೆಯ ಪಫ್ಸು, ರಾತ್ರಿಯ ಎಗ್ ರೈಸ್, ಗೋಬಿ ನಮ್ಮ ಮನಸ್ಸಿನ ದೌರ್ಬಲ್ಯ ಮಾತ್ರ ಅಲ್ಲ, ಇದರಲ್ಲಿ ಮೈಯ ಪಾಲೂ ಇದೆ.

ಮೂರನೆಯದು ನಿದ್ದೆ. ನಿದ್ದೆ ಕಡಿಮೆ ಆದ್ರೆ ಹಸಿವು ಹುಟ್ಟಿಸೋ ಗ್ರೆಲಿನ್ ಏರುತ್ತೆ, "ಸಾಕು" ಅನ್ನೋ ಸೂಚನೆ ಕೊಡೋ ಲೆಪ್ಟಿನ್ ಇಳಿಯುತ್ತೆ. ರಾತ್ರಿ ಮೋಟಾರಿಗೆ ಅಂತ ಎದ್ದವನು ಮಾರನೇ ದಿನ ಜಾಸ್ತಿ ತಿನ್ನೋದು, ಅದೂ ಹಾಳುಮೂಳು ತಿನ್ನೋದು, ಇದರಿಂದಲೂ ಹೌದು.

ಹೀಗೆ ಟೆನ್ಷನ್ ಊಟ ಕೆಡಿಸುತ್ತೆ, ಕೆಟ್ಟ ಊಟ ನಿದ್ದೆ ಕೆಡಿಸುತ್ತೆ, ಕೆಟ್ಟ ನಿದ್ದೆ ಮಾರನೇ ದಿನದ ಟೆನ್ಷನ್ನಿಗೆ ಗೊಬ್ಬರ ಆಗುತ್ತೆ.

ಟೀ ಊಟ ಅಲ್ಲ

ಟೀ ಬಿಡಿ ಅಂತ ನಾನು ಹೇಳಲ್ಲ, ನಾನೂ ಬಿಟ್ಟಿಲ್ಲ. ಆದರೆ ಖಾಲಿ ಹೊಟ್ಟೆಗೆ ಟೀ ಮೇಲೆ ಟೀ ಹಾಕಿದ್ರೆ ಹಸಿವು ಸುಮ್ಮನೆ ಮುಚ್ಚಿಹೋಗುತ್ತೆ. ಕೆಫೀನ್ ಕೈ ನಡುಕ, ಎದೆಬಡಿತ ಹೆಚ್ಚಿಸುತ್ತೆ, ಅದನ್ನೇ ನಾವು ಟೆನ್ಷನ್ ಅಂದ್ಕೊಳ್ತೀವಿ. ಕುಡಿದ ಕೆಫೀನಿನ ಅರ್ಧ ಭಾಗ ಸುಮಾರು 5 ಗಂಟೆ ಆದ್ಮೇಲೂ ಮೈಯಲ್ಲಿ ಉಳಿದಿರುತ್ತೆ. ಸಂಜೆ ಆರಕ್ಕೆ ಕುಡಿದ ಟೀ ರಾತ್ರಿ ಹನ್ನೊಂದಕ್ಕೂ ಕೆಲಸ ಮಾಡ್ತಿರುತ್ತೆ. ಊಟದ ಜೊತೆಗೆ ಕುಡಿದ್ರೆ ಸೊಪ್ಪು ಕಾಳಿನ ಕಬ್ಬಿಣದ ಅಂಶ ಮೈಗೆ ಹತ್ತೋದಕ್ಕೂ ಅಡ್ಡಿ. ಊಟಕ್ಕೂ ಟೀಗೂ ಒಂದು ಗಂಟೆಯಾದ್ರೂ ಅಂತರ ಇರಲಿ.

ಎಣ್ಣೆ ವಿಷಯಾನೂ ಒಂದು ಮಾತು ಹೇಳ್ಬಿಡ್ತೀನಿ. "ಒಂದು ಕ್ವಾರ್ಟರ್ ಹಾಕಿದ್ರೆ ನಿದ್ದೆ ಬರುತ್ತೆ" ಅಂತಾರೆ. ನಿದ್ದೆ ಬೇಗ ಹತ್ತೋದು ನಿಜ, ಆದರೆ ರಾತ್ರಿಯ ಎರಡನೇ ಭಾಗದ ನಿದ್ದೆಯನ್ನ ಅದೇ ಒಡೆದು ಹಾಕುತ್ತೆ. ಬೆಳಗ್ಗೆ ಎದ್ದಾಗ ಸಾಲ ಅಲ್ಲೇ ಇರುತ್ತೆ, ತಲೆನೋವು ಎಕ್ಸ್‌ಟ್ರಾ.

ನಾನು ಬದಲಾಯಿಸಿದ್ದು

1. ಮಂಡಿಗೆ ಹೊರಡೋ ಮೊದಲು ಏನಾದ್ರೂ ತಿನ್ನೋದು. ಎಲ್ಲಕ್ಕಿಂತ ಮುಖ್ಯ ಇದೇ. ಹಸಿವು ಇಲ್ಲದಿದ್ರೂ ಸ್ವಲ್ಪ. ರಾತ್ರಿ ಉಳಿದ ಮುದ್ದೆಯನ್ನ ಮಜ್ಜಿಗೆಯಲ್ಲಿ ಕಿವುಚಿ ಉಪ್ಪು, ಈರುಳ್ಳಿ ಹಾಕಿ ಕುಡಿಯೋಕೆ ಐದು ನಿಮಿಷ ಸಾಕು. ಅಗಿಯೋಕೆ ಮನಸ್ಸಿಲ್ಲದ ದಿನ ರಾಗಿ ಅಂಬಲಿ ಸುಲಭವಾಗಿ ಇಳಿಯುತ್ತೆ.

2. ಜೇಬಲ್ಲಿ ಕಡ್ಲೆಬೀಜ. ಒಂದು ಹಿಡಿ ಹುರಿದ ಕಡ್ಲೆಬೀಜ ಅಥವಾ ಹುರಿಗಡಲೆ, ಒಂದು ಬಾಳೆಹಣ್ಣು. ಹರಾಜು ತಡ ಆದ್ರೆ ಬನ್ನಿನ ಬದಲು ಇದು. ಇದರಲ್ಲಿ ಪ್ರೋಟೀನ್ ಇರೋದ್ರಿಂದ ಹೊಟ್ಟೆ ಹೆಚ್ಚು ಹೊತ್ತು ತಡೆಯುತ್ತೆ.

3. ನೀರು. ಬೆವರಿ ಮೈಯ ತೂಕದ ಶೇ. 2ರಷ್ಟು ನೀರು ಹೋದ್ರೂ ಗಮನ ಕುಂದುತ್ತೆ, ಸಿಡುಕು ಬರುತ್ತೆ. 60 ಕೆ.ಜಿ. ತೂಕದವರಿಗೆ ಅದು ಬರೀ 1.2 ಲೀಟರ್. ತೋಟಕ್ಕೆ ಹೋಗುವಾಗ ಸ್ಪ್ರೇಯರ್ ಮರೆಯಲ್ಲ, ನೀರಿನ ಬಾಟಲಿ ಮರೀತೀವಿ.

4. ಮಧ್ಯಾಹ್ನದ್ದೇ ದೊಡ್ಡ ಊಟ. ಮುದ್ದೆ, ಸೊಪ್ಪಿನ ಸಾರು ಅಥವಾ ಹುರುಳಿಕಾಳಿನ ಬಸ್ಸಾರು, ಮಜ್ಜಿಗೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಕ್ಯಾಲ್ಸಿಯಂ ಇದೆ, ಆದರೆ ಪ್ರೋಟೀನ್ ಸುಮಾರು 7 ಗ್ರಾಂ ಅಷ್ಟೆ. ಹುರುಳಿಯಲ್ಲಿ 100 ಗ್ರಾಮಿಗೆ ಸುಮಾರು 22 ಗ್ರಾಂ ಇದೆ. ಮುದ್ದೆಗೆ ಕಾಳಿನ ಸಾರು ಮಾಡಿದ ನಮ್ಮ ಅಜ್ಜಿಯರ ಲೆಕ್ಕ ಸರಿಯಾಗೇ ಇದೆ.

5. ರಾತ್ರಿ ಊಟ ಎಂಟರೊಳಗೆ, ಹಗುರ. ಮಲಗೋಕೆ ಎರಡು ಗಂಟೆ ಮೊದಲು ಮುಗಿದಿರಲಿ. ಸಂಜೆ ನಾಲ್ಕರ ಮೇಲೆ ಟೀ ಇಲ್ಲ. ಮೋಟಾರಿಗೆ ಏಳೋ ಕೆಲಸವನ್ನ ಅಪ್ಪ, ನಾನು ಸರದಿ ಮಾಡ್ಕೊಂಡ್ವಿ. ಒಬ್ಬರೇ ಎಲ್ಲ ರಾತ್ರಿ ಕೆಡೋದು ನಿಂತಿತು.

6. ಊಟದ ಹೊತ್ತಲ್ಲಿ ಮೊಬೈಲ್ ಉಲ್ಟಾ. ತುತ್ತು ಬಾಯಲ್ಲಿ, ಕಣ್ಣು ರೇಟಿನ ಮೇಲೆ ಇದ್ರೆ ಎಷ್ಟು ತಿಂದ್ವಿ ಅನ್ನೋದೇ ಗೊತ್ತಾಗಲ್ಲ. ಹದಿನೈದು ನಿಮಿಷದಲ್ಲಿ ರೇಟು ನಮಗೋಸ್ಕರ ಬದಲಾಗಲ್ಲ.

7. ಹಸಿದ ಹೊಟ್ಟೆಯಲ್ಲಿ ದೊಡ್ಡ ತೀರ್ಮಾನ ಇಲ್ಲ. ಇದನ್ನ ನಷ್ಟ ಮಾಡ್ಕೊಂಡು ಕಲಿತೆ. ಆ ಸೀಸನ್ನಲ್ಲೇ ಒಂದು ದಿನ ಮಂಡಿಯಿಂದ ಸಿಟ್ಟಲ್ಲಿ ಬಂದು, ಅಪ್ಪ ಬೇಡ ಅಂದ್ರೂ ಅವರ ಮೇಲೆ ರೇಗಿ ಅರ್ಧ ಎಕರೆ ಗಿಡ ಕೀಳಿಸಿದೆ. ಉಳಿದ ಒಂದೂವರೆ ಎಕರೆಯಿಂದ ಮುಂದೆ ಖರ್ಚಾದ್ರೂ ವಾಪಸ್ ಬಂತು. ಕಿತ್ತ ಗಿಡದ್ದು ಹೋಯ್ತು. ಅದಕ್ಕಿಂತ ಹೆಚ್ಚಾಗಿ, ಅಪ್ಪ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಈಗ ನಿಯಮ ಒಂದೇ: ಮೊದಲು ಊಟ, ಆಮೇಲೆ ಮಾತು.

ಎಷ್ಟು ವ್ಯತ್ಯಾಸ ಆಯ್ತು?

ಎರಡು ತಿಂಗಳಾದ್ಮೇಲೆ ನನ್ನ ಬಿ.ಪಿ. 130/84ಕ್ಕೆ ಬಂತು. ಇದು ನನ್ನೊಬ್ಬನ ಲೆಕ್ಕ, ಎಲ್ಲರಿಗೂ ಹೀಗೇ ಆಗುತ್ತೆ ಅಂತಲ್ಲ. ಬಿ.ಪಿ., ಶುಗರ್, ಅಲ್ಸರ್ ಇರೋರು, ಮಾತ್ರೆ ತಗೊಳ್ಳೋರು ಡಾಕ್ಟರನ್ನ ಕೇಳಿಯೇ ಊಟ ಬದಲಾಯಿಸಿ, ಮಾತ್ರೆ ಮಾತ್ರ ನೀವಾಗಿ ನಿಲ್ಲಿಸಬೇಡಿ.

ಮನೆಯ ಹೆಣ್ಣುಮಕ್ಕಳ ಊಟದ ಹೊತ್ತನ್ನೂ ನೋಡಿ. ನನ್ನ ಊಟ ಬರೆಯೋಕೆ ಶುರು ಮಾಡಿದ್ಮೇಲೆ ಗೊತ್ತಾಗಿದ್ದು, ಅಮ್ಮ ತೋಟದ ಕೆಲಸ ಮುಗಿಸಿ, ಎಲ್ಲರಿಗೂ ಬಡಿಸಿ ತಿನ್ನೋ ಹೊತ್ತಿಗೆ ಮೂರೂವರೆ ಆಗ್ತಿತ್ತು. ಈಗ ಎಲ್ಲರೂ ಒಟ್ಟಿಗೆ ಕೂರ್ತೀವಿ.

ಊಟದಿಂದ ಆಗದೆ ಇರೋದು

ನಿಜ ಹೇಳ್ಬೇಕು ಅಂದ್ರೆ ಮುದ್ದೆ ತಿಂದ ತಕ್ಷಣ ಸಾಲ ತೀರಲ್ಲ, ರೇಟು ಏರಲ್ಲ. ನನ್ನ ಸಾಲ ಇನ್ನೂ ಸ್ವಲ್ಪ ಇದೆ. ಆದರೆ ಹೊತ್ತಿಗೆ ಊಟ ಇದ್ರೆ ಅದನ್ನ ನೋಡೋ ತಲೆ ನೆಟ್ಟಗಿರುತ್ತೆ. ಯಾವ ಕಂತು ಮೊದಲು ಕಟ್ಟಬೇಕು, ಯಾರ ಹತ್ರ ಮಾತಾಡಬೇಕು ಅನ್ನೋದು ತೋಚುತ್ತೆ.

ಎರಡು ವಾರಕ್ಕಿಂತ ಹೆಚ್ಚು ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂದ್ರೆ ಅದು ಊಟದ ಪಟ್ಟಿಯಿಂದ ಸರಿಹೋಗೋ ವಿಷಯ ಅಲ್ಲ. ಬದುಕೇ ಬೇಡ ಅನ್ನೋ ಯೋಚನೆ ಬಂದ್ರೆ ಎರಡು ವಾರ ಅಲ್ಲ, ಒಂದು ಗಂಟೆಯೂ ಕಾಯಬೇಡಿ. ಮನೆಯವರಿಗೆ ಹೇಳಿ. ಸರ್ಕಾರದ ಟೆಲಿ ಮಾನಸ್ ನಂಬರ್ 14416 ಮೊಬೈಲಲ್ಲಿ ಸೇವ್ ಮಾಡ್ಕೊಳ್ಳಿ. ದಿನದ 24 ಗಂಟೆಯೂ ಇರುತ್ತೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಗಿಡಕ್ಕೆ ರೋಗ ಬಂದ್ರೆ ಫೋಟೋ ಕಳಿಸಿ ಕೇಳೋ ನಾವು, ನಮ್ಮ ಮನಸ್ಸಿಗೆ ಬಂದಾಗ ಕೇಳೋಕೆ ನಾಚಿಕೊಳ್ಳಬೇಕಾಗಿಲ್ಲ.

ಈ ವಾರದ ಕೆಲಸ

ಮೊಬೈಲಿನ ನೋಟ್ಸಲ್ಲಿ ಏಳು ದಿನ ನಾಲ್ಕು ವಿಷಯ ಬರೀರಿ: ಎಷ್ಟು ಗಂಟೆಗೆ ತಿಂದೆ, ಏನು ತಿಂದೆ, ಎಷ್ಟು ಟೀ ಕುಡಿದೆ, ಆ ಹೊತ್ತಿಗೆ ಟೆನ್ಷನ್ 10ಕ್ಕೆ ಎಷ್ಟು. ಮೊದಲ ಮೂರು ದಿನ ಏನನ್ನೂ ಬದಲಾಯಿಸಬೇಡಿ, ಸುಮ್ಮನೆ ಬರೀರಿ. ನಾಲ್ಕನೇ ದಿನದಿಂದ ಒಂದೇ ಒಂದು ಬದಲಾವಣೆ ಮಾಡಿ: ಮನೆ ಬಿಡೋ ಮೊದಲು ಏನಾದ್ರೂ ತಿನ್ನಿ. ಏಳನೇ ದಿನ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ.

ನನ್ನ ಪುಸ್ತಕದಲ್ಲಿ ಮೊದಲ ಮೂರು ದಿನದ "ಬೆಳಗ್ಗೆ" ಅನ್ನೋ ಕಡೆ ಇದ್ದಿದ್ದು ಒಂದೇ ಪದ: ಟೀ. ನಿಮ್ಮದರಲ್ಲಿ ಏನಿದೆ ನೋಡಿ.

ಮುಂದಿನ ವಾರ ಬೇಸಿಗೆ ಟೊಮೆಟೊಗೆ ಡ್ರಿಪ್‌ನಲ್ಲಿ ನೀರಿನ ಲೆಕ್ಕ ಹಾಕೋದು ಹೇಗೆ ಅಂತ ನೋಡೋಣ. ಅಲ್ಲಿವರೆಗೆ ಹೊತ್ತಿಗೆ ಸರಿಯಾಗಿ ಊಟ ಮಾಡಿ.