ತೋಟಕ್ಕೆ ರೂಪವನ್ನು ಕೊಡುವ ನಿತ್ಯಹಸುರಿನ ಗಿಡಗಳು

ಹೂವಿನ ಗಿಡಗಳಿಂದ ತೋಟಕ್ಕೆ ಉಂಟಾಗುವ ಶೋಭೆಯು ಋತುವಿಗೆ ಅಧೀನವಾದುದು. ಹೂ ಮುಗಿದೊಡನೆ ಪಾತಿಯು ಬರಿದಾಗುವುದು. ಆದರೆ ಕೆಲವು ಗಿಡಗಳು ಹೂವನ್ನು ನೆಚ್ಚದೆ, ಕಾಂಡದ ನಿಲುವಿನಿಂದಲೂ ಎಲೆಗಳ ಜೋಡಣೆಯಿಂದಲೂ ವರ್ಷದ ಹನ್ನೆರಡು ತಿಂಗಳೂ ತೋಟಕ್ಕೆ ಅಂದವನ್ನು ಕೊಡುವುವು. ಕಟ್ಟಡಕ್ಕೆ ಕಂಬವೂ ಕಮಾನೂ ಹೇಗೋ ತೋಟಕ್ಕೆ ಇವು ಹಾಗೆ. ರೂಪದ ದೃಷ್ಟಿಯಿಂದ ಇವುಗಳನ್ನು ಮೂರು ವಿಧವಾಗಿ ವಿಂಗಡಿಸಬಹುದು: ಕಂಬದಂತೆ ನೇರವಾಗಿ ಏರುವವು, ಬೀಸಣಿಗೆಯಂತೆ ಹರಡುವವು, ನೆಲದ ಬಳಿಯಲ್ಲಿಯೇ ಸುತ್ತಲೂ ಎಲೆಗಳನ್ನು ಚಾಚುವವು.

ಹೂವಿನ ಗಿಡವನ್ನು ತಪ್ಪಾದ ಸ್ಥಳದಲ್ಲಿ ನೆಟ್ಟರೆ ಮುಂದಿನ ವರ್ಷ ತಿದ್ದಿಕೊಳ್ಳಬಹುದು. ಈ ಗಿಡಗಳ ವಿಷಯದಲ್ಲಿ ಮಾಡಿದ ತಪ್ಪು ಹದಿನೈದು ಇಪ್ಪತ್ತು ವರ್ಷಗಳ ಮೇಲೆ ಕಾಣಿಸುವುದು. ಆಗ ಕೊಡಲಿಯ ಹೊರತು ಬೇರೆ ಉಪಾಯವಿರುವುದಿಲ್ಲ. ಬೆಂಗಳೂರಿನ ಲಾಲ್‌ಬಾಗು 1760ರಲ್ಲಿ ಹೈದರಾಲಿಯಿಂದ ಆರಂಭವಾಗಿ, ಇಂದು ಸುಮಾರು 240 ಎಕರೆಗಳಷ್ಟು ವಿಸ್ತಾರವಾಗಿದೆ. ಅಲ್ಲಿನ ಮಹಾವೃಕ್ಷಗಳನ್ನು ಕಂಡು ಮೆಚ್ಚಿ, ಅವನ್ನೇ 30 ಅಡಿ ಅಗಲ 40 ಅಡಿ ಉದ್ದದ ನಿವೇಶನದಲ್ಲಿ ನೆಡುವುದು ಯುಕ್ತವಲ್ಲ. ಆದಕಾರಣ ಕುಂಡದಲ್ಲಿರುವ ಸಸಿಯ ಅಂದವನ್ನು ನೋಡದೆ, ಪೂರ್ಣ ಬೆಳೆದ ಮರದ ಅಳತೆಯನ್ನು ನೋಡಿ ಆರಿಸತಕ್ಕದ್ದು.

ಕಂಬದ ರೂಪದವು:— ಇವುಗಳಲ್ಲಿ ಅರೌಕೇರಿಯಾ ಮುಖ್ಯವಾದುದು. ಕ್ರಿಸ್‌ಮಸ್ ಗಿಡವೆಂದು ಕುಂಡಗಳಲ್ಲಿ ಮಾರಾಟವಾಗುವುದು ಅನೇಕ ವೇಳೆ ಇದೇ. ಇದರ ಒಂದು ಜಾತಿಯಾದ ಕುಕ್ ಪೈನ್ ಮರವು ತನ್ನ ತವರಾದ ನ್ಯೂ ಕ್ಯಾಲಿಡೋನಿಯಾ ದ್ವೀಪದಲ್ಲಿ ಸುಮಾರು 200 ಅಡಿಗಳವರೆಗೆ ಬೆಳೆಯುವುದು. ಇದು ಭೂಮಧ್ಯರೇಖೆಯ ಕಡೆಗೆ ವಾಲುವ ಸ್ವಭಾವದ್ದೆಂದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನವು ತೋರಿಸಿತು. ಎಂದರೆ ನಮ್ಮಲ್ಲಿ ಇದು ದಕ್ಷಿಣಕ್ಕೆ ವಾಲುವುದು. ಆದಕಾರಣ ಮರದ ದಕ್ಷಿಣದಲ್ಲಿ ಮನೆಯಾಗಲಿ ತಂತಿಯಾಗಲಿ ಇರಬಾರದು. ತುದಿಯನ್ನು ಕತ್ತರಿಸಿ ಗಿಡ್ಡ ಮಾಡಿದರೆ ಮರದ ರೂಪವು ಕೆಡುವುದು. ಚಿಕ್ಕ ನಿವೇಶನದಲ್ಲಿ ಇದನ್ನು ಸರ್ವಥಾ ನೆಡಬಾರದು.

ಬೀಸಣಿಗೆಯ ರೂಪದವು:— ಮಡಗಾಸ್ಕರ್ ದ್ವೀಪದ ಟ್ರಾವೆಲರ್ಸ್ ಪಾಮ್ ಎಂಬುದು ಹೆಸರಿಗೆ ತಾಳೆಯಾದರೂ ತಾಳೆಯ ಕುಲಕ್ಕೆ ಸೇರಿದುದಲ್ಲ. ಇದರ ಎಲೆಗಳು ಬಾಳೆಯೆಲೆಗಳಂತಿದ್ದು ಒಂದೇ ಸಮತಳದಲ್ಲಿ ಹರಡುವುವು. ಬಿರುಗಾಳಿಗೆ ಎಲೆಗಳು ಹರಿಯುವುದರಿಂದ ಮರೆಯುಳ್ಳ ಸ್ಥಳವು ಬೇಕು. ಎಲೆಯ ಬುಡಗಳಲ್ಲಿ ಮಳೆಯ ನೀರು ನಿಲ್ಲುವುದರಿಂದ ಸೊಳ್ಳೆಗಳಿಗೆ ಎಡೆಯಾಗದಂತೆ ನೋಡಿಕೊಳ್ಳತಕ್ಕದ್ದು. ವಿಶಾಲವಾದ ಹಿತ್ತಲಿರುವವರಿಗೆ ನಮ್ಮ ಮಲೆನಾಡಿನ ಬೈನೆ ಅಥವಾ ಬಗನಿಯ ಮರವೂ ಒಪ್ಪುವುದು. ಇದರ ಎಲೆಯ ಬಿಡಿಭಾಗಗಳು ಮೀನಿನ ಬಾಲದ ಆಕಾರದಲ್ಲಿರುವುವು. ಮರವು ಬೆಳೆದ ಮೇಲೆ ತುದಿಯಿಂದ ಕೆಳಗಿಳಿಯುತ್ತ ಹೂಗೊಂಚಲುಗಳನ್ನು ಬಿಟ್ಟು, ಕಡೆಗೆ ತಾನೇ ಸಾಯುವುದು. ಹಣ್ಣಿನ ತಿರುಳು ಮೈಗೆ ತಗುಲಿದರೆ ತುರಿಕೆಯಾಗುವುದು.

ನೆಲದ ಬಳಿ ಹರಡುವವು:— ಚಿಕ್ಕ ತೋಟಕ್ಕೆ ಇವು ಉತ್ತಮ. ಜಪಾನಿನ ದಕ್ಷಿಣ ಭಾಗದ ಸೈಕಸ್ ಗಿಡವು ಬಹು ನಿಧಾನವಾಗಿ ಬೆಳೆಯುವುದರಿಂದ ಅನೇಕ ವರ್ಷ ಕೊಟ್ಟ ಸ್ಥಳದಲ್ಲಿ ಅಡಗಿರುವುದು. ಇದರ ಹೊಸ ಎಲೆಗಳು ಒಟ್ಟಿಗೆ ಸುತ್ತಲೂ ಹೊರಡುವುವು. ಆಗ ಒಂದು ಬಗೆಯ ಸಣ್ಣ ನೀಲಿ ಚಿಟ್ಟೆಯು ಎಳೆಯ ಎಲೆಗಳ ಮೇಲೆ ಮೊಟ್ಟೆಯಿಡುವುದು. ಮರಿಹುಳುಗಳು ಕೆಲವೇ ದಿನಗಳಲ್ಲಿ ಆ ವರ್ಷದ ಶೋಭೆಯನ್ನೆಲ್ಲ ತಿಂದುಬಿಡುವುವು. ಎಲೆ ಬಲಿಯುವವರೆಗೆ ತೆಳುವಾದ ಬಟ್ಟೆಯನ್ನು ಹೊದಿಸುವುದು, ದಿನವೂ ನೋಡಿ ಹುಳುಗಳನ್ನು ಆರಿಸಿ ನಾಶಮಾಡುವುದು, ಇವೇ ಸುಲಭವಾದ ಉಪಾಯಗಳು.

ರೈತರು ಬೇಲಿಗೆ ಬೆಳೆಸುವ ಭೂತಾಳೆಯೂ ಇದೇ ಗುಂಪಿನದು. ಮೆಕ್ಸಿಕೋ ಕಡೆಯಿಂದ ಬಂದ ಈ ಗಿಡವನ್ನು ಕಲ್ಲುಹಾಸಿನ ಮಗ್ಗುಲಲ್ಲಿ ಒಂಟಿಯಾಗಿ ನಿಲ್ಲಿಸಿದರೆ ನೋಟಕ್ಕೆ ಬಹಳ ಗಂಭೀರವಾಗಿರುವುದು. ಅನೇಕ ವರ್ಷಗಳ ಮೇಲೆ ಒಂದೇ ಸಲ ಹೂಬಿಟ್ಟು ಸಾಯುವುದಾದರೂ, ಬುಡದ ಮರಿಗಳಿಂದ ವಂಶವು ಮುಂದುವರಿಯುವುದು.

ಎಚ್ಚರಿಕೆ:— ಸೈಕಸ್ ಗಿಡದ ಎಲ್ಲ ಭಾಗಗಳೂ, ಮುಖ್ಯವಾಗಿ ಬೀಜಗಳು, ವಿಷವುಳ್ಳವು. ಕೆಂಪಗೆ ಹೊಳೆಯುವ ಬೀಜಗಳು ಮಕ್ಕಳ ಕಣ್ಣನ್ನು ಬೇಗ ಸೆಳೆಯುವುವು. ನಾಯಿಗಳು ತಿಂದರೆ ಯಕೃತ್ತು ಕೆಟ್ಟು ಸಾಯುವುದುಂಟು. ಆದಕಾರಣ ಬೀಜ ಕಂಡೊಡನೆ ತೆಗೆದು ಹೂಳತಕ್ಕದ್ದು. ಗಿಡವನ್ನು ದನಗಳಿಗೆ ಎಟುಕುವಲ್ಲಿ ನೆಡಬಾರದು. ಕಣಗಿಲೆಯ ವಿಷಯದಲ್ಲಿ ನಮ್ಮ ಜನರು ತೋರಿಸುವ ಜಾಗರೂಕತೆಯು ಇಲ್ಲಿಯೂ ಅವಶ್ಯಕ. ಭೂತಾಳೆಯ ಎಲೆಗಳ ತುದಿಯ ಮುಳ್ಳು ಕಣ್ಣಿಗೆ ಅಪಾಯಕರವಾದುದರಿಂದ, ಅದನ್ನು ಕಾಲುದಾರಿಯಿಂದ 6 ಅಡಿಯಾದರೂ ದೂರವಿಡಬೇಕು.

ನೆಡುವ ಕ್ರಮ:— ಬೇಸಿಗೆಯಲ್ಲಿ ಗುಣಿಯನ್ನು ತೋಡಿ ಬಿಸಿಲಿಗೆ ಬಿಟ್ಟು, ಕೆಂಪು ಮಣ್ಣು, ಮರಳು, ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಇವುಗಳ ಮಿಶ್ರಣದಿಂದ ತುಂಬಿ, ಮುಂಗಾರಿನ ಮೊದಲಿನಲ್ಲಿ ನೆಡುವುದು ಮೇಲು. ಸೈಕಸ್ ಮತ್ತು ಭೂತಾಳೆಗಳ ಬುಡದಲ್ಲಿ ನೀರು ನಿಲ್ಲಬಾರದು. ಅವುಗಳ ಸುಳಿಯನ್ನು ಮಣ್ಣಿನಲ್ಲಿ ಮುಚ್ಚಲೂಬಾರದು.

ಜೋಡಣೆ:— ಎಲ್ಲ ರೂಪಗಳನ್ನೂ ಒಂದೇ ಕಡೆ ಕೂಡಿಸಿದರೆ ಯಾವುದೂ ಎದ್ದು ಕಾಣುವುದಿಲ್ಲ. ಚಿಕ್ಕ ಅಂಗಳಕ್ಕೆ ಇಂತಹ ಗಿಡವೊಂದೇ ಸಾಕು. ಅದರ ಹಿಂದೆ ಸಾದಾ ಗೋಡೆಯಾಗಲಿ, ಮುಂದೆ ಹುಲ್ಲುಹಾಸಾಗಲಿ ಇದ್ದರೆ ರೂಪವು ಸ್ಪಷ್ಟವಾಗಿ ತೋರುವುದು. ನೆಡುವುದಕ್ಕೆ ಮೊದಲು, ಪೂರ್ಣ ಬೆಳೆದಾಗ ಎಲೆಗಳು ಎಲ್ಲಿಯವರೆಗೆ ಚಾಚುವುವೋ ಅಷ್ಟು ದೂರಕ್ಕೆ ಗೂಟಗಳನ್ನು ನೆಟ್ಟು ಹಗ್ಗವನ್ನು ಸುತ್ತಿ ನೋಡತಕ್ಕದ್ದು. ಆ ವೃತ್ತದೊಳಗೆ ಬಾಗಿಲಾಗಲಿ, ದಾರಿಯಾಗಲಿ, ನೆರೆಯವರ ಗೋಡೆಯಾಗಲಿ ಬಂದರೆ ಆ ಗಿಡವು ಆ ಸ್ಥಳಕ್ಕೆ ತಕ್ಕುದಲ್ಲವೆಂದು ತಿಳಿಯಬೇಕು.